ಮೂರು ನದಿಗಳ ನೆತ್ತಿಯಲ್ಲೊಂದು ಕೋಟೆ

ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿಯುವ ಬಸ್ಸುಗಳನ್ನು ಅವುಗಳ ಪಾಡಿಗೆ ಬಿಟ್ಟು ಕಳಸದ ರಸ್ತೆ ಹಿಡಿದವರಿಗೆ ಜಾವಳಿ, ಕೆಳಗೂರು, ಸುಂಕಸಾಲೆ ಎದುರಾಗುತ್ತವೆ. ರಸ್ತೆಯ ಎರಡೂ ಕಡೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಚಹಾ ತೋಟದ ಹಸಿರು. ಪಶ್ಚಿಮಕ್ಕೆ ಕತ್ತೆತ್ತಿದರೆ ಮರವಿಲ್ಲದ ಹುಲ್ಲಿನ ಬೆಟ್ಟಸಾಲು. ಮಂಜು ಸರಿದ ಹೊತ್ತಿನಲ್ಲಿ ಅದರ ನೆತ್ತಿಯ ಮೇಲೆ ಕಪ್ಪು ಗೆರೆಯೊಂದು ಕಾಣುತ್ತದೆ. ಅದೇ ಬಲ್ಲಾಳರಾಯನದುರ್ಗದ ಕೋಟೆಗೋಡೆ.

ಚಾರಣ ಶುರುವಾಗುವುದು ದುರ್ಗದಹಳ್ಳಿಯ ಕಾಲಭೈರವೇಶ್ವರ ದೇವಸ್ಥಾನದ ಬಳಿಯಿಂದ. ಮೊದಲು ಕಾಡಿನ ನೆರಳಿನ ದಾರಿ, ಆಮೇಲೆ ಬಟಾಬಯಲು ಹುಲ್ಲುಗಾವಲು. ಸುಮಾರು 1,500 ಮೀಟರ್ ಎತ್ತರದ ನೆತ್ತಿ ಮುಟ್ಟಿದಾಗ ಹೊಸಬರಲ್ಲಿ ಕೆಲವರಿಗೆ ನಿರಾಸೆಯಾಗುವುದುಂಟು. ಚಿತ್ರದುರ್ಗದಂತೆ ಸುತ್ತಿನ ಮೇಲೆ ಸುತ್ತು ಇಲ್ಲಿಲ್ಲ. ಅರಮನೆಯಿಲ್ಲ, ಫಿರಂಗಿಯಿಲ್ಲ, ಕೆತ್ತನೆಯ ಮಹಾದ್ವಾರವಿಲ್ಲ. ಒರಟು ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದ ಗೋಡೆಯೊಂದು ಬೆಟ್ಟದ ಬೆನ್ನೇಣಿನ ಮೇಲೆ ಏರುತ್ತ ಇಳಿಯುತ್ತ ಸಾಗುತ್ತದೆ. ಅಲ್ಲಲ್ಲಿ ಕುಸಿದಿದೆ, ಅಲ್ಲಲ್ಲಿ ಹುಲ್ಲು ನುಂಗಿದೆ.

ಆದರೆ ಆ ಗೋಡೆಯ ಗುಂಟ ಹೆಜ್ಜೆ ಹಾಕಿದರೆ ಕಟ್ಟಿದವರ ಲೆಕ್ಕಾಚಾರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಲೆನಾಡಿನಲ್ಲಿ ಬೆಟ್ಟವೇ ಕೋಟೆ. ಪ್ರಪಾತವಿರುವಲ್ಲಿ ಕಲ್ಲು ಹೊತ್ತು ತರುವ ಅಗತ್ಯವೇ ಇಲ್ಲ. ಮನುಷ್ಯ ಹತ್ತಿ ಬರಬಹುದಾದ ಇಳಿಜಾರು ಎಲ್ಲಿದೆಯೋ ಅಲ್ಲಿ ಮಾತ್ರ ಗೋಡೆ ಕಟ್ಟಿದರೆ ಸಾಕು. ಉಳಿದ ಕೆಲಸಕ್ಕೆ ಮಳೆ, ಮಂಜು, ಇಂಬಳ ಇದ್ದೇ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟಕ್ಕೆ ದಂಡು ತರುವುದೆಂದರೆ ಯಾವ ದಂಡನಾಯಕನಿಗೂ ಬೇಡವಾದ ಕೆಲಸ.

ಕೋಟೆಗಳನ್ನು ನೋಡಲೆಂದೇ ಜನ ಹೋಗುವ ಜರ್ಮನಿಯ ರೈನ್ ಕಣಿವೆಯನ್ನು ಇಲ್ಲಿ ನೆನೆಯಬಹುದು. 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಣಿವೆ ಸುಮಾರು 65 ಕಿಲೋಮೀಟರ್ ಉದ್ದದ್ದು. ಅಲ್ಲಿ ನದಿಯೇ ಹೆದ್ದಾರಿ. ಸರಕು ದೋಣಿಗಳಿಂದ ಸುಂಕ ವಸೂಲಿ ಮಾಡಲು ದಡದ ಗುಡ್ಡಗಳ ಮೇಲೆ ಕೋಟೆಗಳೆದ್ದವು. ಕಳಸ ಸೀಮೆಯ ನದಿಗಳಲ್ಲಿ ಸರಕು ದೋಣಿ ತೇಲುವ ಮಾತೇ ಇಲ್ಲ. ಬಂಡೆಗಳ ನಡುವೆ ನೊರೆಗಟ್ಟಿ ಓಡುವ ಎಳೆಯ ನದಿಗಳು ಅವು. ಹೀಗಾಗಿ ಇಲ್ಲಿನ ಹೆದ್ದಾರಿಯೆಂದರೆ ಘಾಟಿ. ಕರಾವಳಿಯ ಉಪ್ಪು ಮತ್ತು ಒಣಮೀನು ಹೇರೆತ್ತುಗಳ ಬೆನ್ನೇರಿ ಮೇಲೆ ಬರುತ್ತಿದ್ದವು, ಅಡಿಕೆ, ಏಲಕ್ಕಿ, ಮೆಣಸು ಕೆಳಗಿಳಿಯುತ್ತಿದ್ದವು. ಕಣಿವೆಯ ಬಾಯಿ ಯಾರ ಕೈಯಲ್ಲಿದೆಯೋ ಅವರದೇ ರಾಜ್ಯ. ಬಲ್ಲಾಳರಾಯನದುರ್ಗದ ಪಶ್ಚಿಮದ ಅಂಚಿನಲ್ಲಿ ನಿಂತರೆ ನೆಲ ಒಮ್ಮೆಲೇ ಕುಸಿದು ಬೆಳ್ತಂಗಡಿ ಸೀಮೆ ಕಾಲಡಿಯಲ್ಲಿ ಹರಡಿಕೊಳ್ಳುತ್ತದೆ. ಕೆಳಗಿನಿಂದ ಬರುವವರನ್ನು ಗಮನಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಕೋಟೆಯ ಹೆಸರಿನಲ್ಲಿರುವ ಬಲ್ಲಾಳರಾಯ ಹೊಯ್ಸಳರವನು. ಅವರ ಮೂಲನೆಲೆಯೂ ದೂರವೇನಲ್ಲ. ಶಾಸನಗಳ ಸೊಸೆವೂರು ಇದೇ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ಹುಲಿಯನ್ನು ಹೊಡೆದ ಸಳನ ಕಥೆ ನಡೆಯುವುದು ಅಲ್ಲಿನ ವಾಸಂತಿಕಾ ದೇವಿಯ ಗುಡಿಯ ಬಳಿ. ತೋಟಗಳ ನಡುವೆ ಹಳೆಯ ಜೈನ ಬಸದಿಗಳು ಇಂದಿಗೂ ಇವೆ. ಬೇಲೂರು, ಹಳೇಬೀಡುಗಳ ವೈಭವ ಬಂದದ್ದು ಆಮೇಲೆ. ಅದಕ್ಕೂ ಮೊದಲು ಹೊಯ್ಸಳರು ಮಲೆಯ ನಾಯಕರು. ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಸಾಮ್ರಾಜ್ಯ ಕಟ್ಟಿದ ಮೇಲೂ ಅವರು ಬಿಡಲಿಲ್ಲ, ನಾಣ್ಯದ ಮೇಲೂ ಹಾಕಿಸಿಕೊಂಡರು. ಘಾಟಿಯ ಕೆಳಗಿನ ತುಳುನಾಡಿನ ಮೇಲೆ ಅವರ ಕಣ್ಣು ಕೊನೆಯವರೆಗೂ ಇತ್ತು. ಮೂರನೆಯ ವೀರಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಳುಪರ ಮನೆಯವಳು, ಬಾರಕೂರಿನಿಂದ ಆಡಳಿತ ನಡೆಸಿದವಳು. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಮರಳುವ ಪ್ರವಾಸಿಗ ಈ ಒರಟು ಗೋಡೆಯನ್ನೂ ನೋಡಲೇಬೇಕು. ಆ ಶಿಲ್ಪ ಅರಳಿದ ರಾಜ್ಯದ ಬೇರು ಇಂಥ ಬೆಟ್ಟಗಳಲ್ಲಿದೆ.

ಇನ್ನು ನೀರಿನ ಮಾತು. ದುರ್ಗದ ಮೇಲೆ ಸುರಿಯುವ ಮಳೆ ಯಾವ ಕಡೆಗೆ ವಾಲುತ್ತದೆ ಎಂಬುದರ ಮೇಲೆ ಅದರ ಹಣೆಬರಹ ನಿಂತಿದೆ. ಪಶ್ಚಿಮಕ್ಕೆ ಜಾರಿದ್ದು ಬಂಡಾಜೆ ಅರ್ಬಿಯಲ್ಲಿ ಧುಮುಕಿ, ನೇತ್ರಾವತಿಯೊಡನೆ ಅರಬ್ಬಿ ಸಮುದ್ರಕ್ಕೆ. ಕಳಸದ ಕಡೆ ಹರಿದದ್ದು ಭದ್ರೆಗೆ, ಅಲ್ಲಿಂದ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಕೃಷ್ಣೆಗೆ. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರ, ಗೊರೂರು ದಾಟಿ 245 ಕಿಲೋಮೀಟರ್ ಹರಿದು ಕಾವೇರಿಯನ್ನು ಕೂಡುತ್ತದೆ. ಅದೇ ಹೇಮಾವತಿಯ ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ 1792ರಲ್ಲಿ ಪೂರೈಸಿದ ಮಂಜರಾಬಾದ್ ಕೋಟೆಯಿದೆ. ಎಂಟು ಮೂಲೆಯ ನಕ್ಷತ್ರದಾಕಾರದ ಕಟ್ಟಡ, ಯುರೋಪಿನ ಮಾದರಿ. ಘಾಟಿಯ ಕೆಳಗೆ ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿನ ಒಂಟಿ ಬಂಡೆಯ ಮೇಲೆ ಅವನೇ ಜಮಾಲಾಬಾದ್ ಕೋಟೆ ಕಟ್ಟಿಸಿದ. ಫಿರಂಗಿಯ ಕಾಲ ಬಂದು ಕೋಟೆಯ ಆಕಾರ ಬದಲಾಯಿತು, ಆದರೂ ಕಾವಲು ಅದೇ ಘಾಟಿಗಳಿಗೆ.

ಈ ಬೆಟ್ಟಗಳು ಗಟ್ಟಿಯಾಗಿ ಕಂಡಷ್ಟು ಗಟ್ಟಿಯಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮದುಗುಂಡಿಯಂಥ ಹಳ್ಳಿಗಳಲ್ಲಿ ಗುಡ್ಡ ಜರಿದು ಮನೆ, ತೋಟಗಳು ಮಣ್ಣಿನಡಿ ಹೋದವು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಮಾಡಿಸಿಕೊಂಡೇ ಹೊರಡಬೇಕು. ಇದನ್ನು ಕಿರಿಕಿರಿ ಎಂದುಕೊಳ್ಳಬಾರದು. ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಟ್ಟುಕೊಡುತ್ತವೆ. ಅಲ್ಲಿ ಪ್ಲಾಸ್ಟಿಕ್ ಎಸೆಯುವುದು, ಫೋಟೊಗಾಗಿ ಸಡಿಲ ಗೋಡೆ ಹತ್ತಿ ಕಲ್ಲುರುಳಿಸುವುದು ಮಾಡಬಾರದ ಕೆಲಸ. ಶತಮಾನಗಳ ಮಳೆಗೂ ಬೀಳದ ಕಲ್ಲು ಒಂದು ಭಾನುವಾರ ಬೀಳಬಹುದು.

ಕೋಟೆಯಿಂದ ಇಳಿದು ಕಳಸಕ್ಕೆ ಬಂದರೆ ಬೇರೆಯದೇ ಬಗೆಯ ರಕ್ಷಣೆ ಕಾಣುತ್ತದೆ. ಭದ್ರೆ ಮೂರು ಕಡೆಯಿಂದ ಊರನ್ನು ಬಳಸಿ ಹರಿಯುತ್ತಾಳೆ, ಅಗೆಯದೆಯೇ ಸಿಕ್ಕ ಕಂದಕದಂತೆ. ಮಳೆ ಜೋರಾದರೆ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ಇಂದಿಗೂ ಕಟ್ಟುತ್ತದೆ. ಇಂಥ ಊರನ್ನು ಸಾಂತರ ಮೂಲದ ಅರಸರು ರಾಜಧಾನಿ ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹೊಂಬುಜದಿಂದ ಹೊರಟ ಆ ಮನೆತನ ಘಾಟಿಯ ಮೇಲೆ ಕಳಸ, ಕೆಳಗೆ ಕಾರ್ಕಳ ಎಂದು ಎರಡು ಕಡೆ ಬೇರೂರಿತು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿವೆ. 13ನೇ ಶತಮಾನದಲ್ಲಿ ಕಳಸವನ್ನಾಳಿದ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರ ಹೆಸರು ಶಾಸನಗಳಲ್ಲೇ ಉಳಿದಿದೆ. ಅಬ್ಬಕ್ಕ, ಚೆನ್ನಮ್ಮರನ್ನು ಬಲ್ಲ ನಾಡು ಈ ಇಬ್ಬರನ್ನೂ ಬಲ್ಲದ್ದಾಗಿರಬೇಕಿತ್ತು.

ಅರಸರು ಜೈನರು, ಊರಿನ ಒಡೆಯ ಕಳಸೇಶ್ವರ. ಗುಡ್ಡದ ಮೇಲಿನ ಆ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಿ ಹೋಗಬೇಕು. ಕಾರ್ತಿಕದ ಗಿರಿಜಾ ಕಲ್ಯಾಣಕ್ಕೆ ಸುತ್ತಲಿನ ಹಳ್ಳಿಗಳೆಲ್ಲ ಸೇರುತ್ತವೆ.

ಭದ್ರೆಯ ಪಂಚತೀರ್ಥಗಳಲ್ಲಿ ಬಿಡಬಾರದ್ದು ಅಂಬಾತೀರ್ಥ. ಕಪ್ಪು ಬಂಡೆಗಳ ಇಕ್ಕಟ್ಟಿನಲ್ಲಿ ನದಿ ನುಗ್ಗುವ ಆ ಜಾಗದಲ್ಲಿ ದೊಡ್ಡ ಬಂಡೆಯೊಂದು ಇನ್ನೊಂದರ ಮೇಲೆ ಕೂತಿದೆ. ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದಿಟ್ಟರೆಂದು ಅದರ ಮೇಲಿನ ಸಂಸ್ಕೃತ ಶಾಸನ ಸಾರುತ್ತದೆ. ನೀರು ತಿಳಿಯಾಗಿ ಕಂಡರೂ ಸುಳಿ ಅಪಾಯಕಾರಿ, ಇಳಿಯಬಾರದು.

ಇಷ್ಟು ನೋಡಿದವರು ಬಂದ ದಾರಿಯಲ್ಲೇ ಮರಳುವ ಬದಲು ಕುದುರೆಮುಖ, ಎಸ್.ಕೆ. ಬಾರ್ಡರ್, ಬಜಗೋಳಿ ಮೂಲಕ ಕಾರ್ಕಳಕ್ಕೆ ಇಳಿಯುವುದು ಒಳ್ಳೆಯದು. 2005ರ ಕೊನೆಗೆ ಅದಿರು ಗಣಿಗಾರಿಕೆ ನಿಂತ ಕುದುರೆಮುಖ ಪಟ್ಟಣ ದಾರಿಯಲ್ಲೇ ಸಿಗುತ್ತದೆ. ಕಾರ್ಕಳದಲ್ಲಿ ವೀರಪಾಂಡ್ಯ ಭೈರವರಸ 1432ರಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನಿದ್ದಾನೆ, ಇಮ್ಮಡಿ ಭೈರವರಸ 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಿದೆ. ಎರಡನ್ನೂ ಕಟ್ಟಿಸಿದ್ದು ಕಳಸವನ್ನಾಳಿದ ಅದೇ ಮನೆತನ. ದುರ್ಗಕ್ಕೆ ಒಂದು ಪೂರ್ತಿ ದಿನ, ಕಳಸ ಮತ್ತು ಘಾಟಿಗೆ ಇನ್ನೊಂದು ದಿನ ಇಟ್ಟುಕೊಳ್ಳಬೇಕು. ಅಕ್ಟೋಬರ್‌ನಿಂದ ಫೆಬ್ರವರಿ ಹೊರಡಲು ಸರಿಯಾದ ಕಾಲ.