ಮರವಂತೆ: ಕಡಲು, ನದಿಯ ನಡುವೆ ಒಂದು ಹೆದ್ದಾರಿ

ಕುಂದಾಪುರ: ಇಲ್ಲಿಂದ ಬೈಂದೂರಿನತ್ತ ಸುಮಾರು 12 ಕಿ.ಮೀ. ಸಾಗಿದರೆ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಮತ್ತೊಂದು ಬದಿಗೆ ಸೌಪರ್ಣಿಕಾ ನದಿ. ಇದೇ ಮರವಂತೆ. 2018ರಲ್ಲಿ ಬೈಂದೂರು ಪ್ರತ್ಯೇಕ ತಾಲ್ಲೂಕಾದ ಬಳಿಕ ಗ್ರಾಮವು ಅದರ ವ್ಯಾಪ್ತಿಗೆ ಸೇರಿದೆ.

ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕೆ ಇಲ್ಲಿ ಕಡಲಿಗೆ ಕೂಗಳತೆಯ ದೂರದಲ್ಲಿದ್ದರೂ ಅದನ್ನು ಸೇರುವುದಿಲ್ಲ. ನಡುವಿನ ಮರಳ ದಿಣ್ಣೆಯೇ ತಡೆ. ಹೀಗಾಗಿ ತಿರುವು ಪಡೆದು ಸುಮಾರು 10 ಕಿ.ಮೀ. ಹರಿದು, ವಾರಾಹಿ, ಚಕ್ರಾ ಸೇರಿದಂತೆ ಇತರ ನಾಲ್ಕು ನದಿಗಳೊಡನೆ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತದೆ. ಈ ಸಂಗಮವೇ ಪಂಚಗಂಗಾವಳಿ.

ಹೆದ್ದಾರಿ ನಿಂತಿರುವುದೂ ಅದೇ ಕಿರಿದಾದ ಮರಳ ಪಟ್ಟಿಯ ಮೇಲೆ. ಮಂಗಳೂರು–ಕಾರವಾರ ಸಂಪರ್ಕದ ಮುಖ್ಯ ಕೊಂಡಿಯಾದ ಈ ರಸ್ತೆಗೆ ಮಳೆಗಾಲದ ಕಡಲ್ಕೊರೆತ ಹಲವು ಬಾರಿ ಆತಂಕ ಒಡ್ಡಿದೆ. ದಡದುದ್ದಕ್ಕೂ ಬಂಡೆಗಳನ್ನು ಪೇರಿಸಲಾಗಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಡಿ ಕಡಲಿನೊಳಕ್ಕೆ ಚಾಚಿದ ಕಲ್ಲಿನ ತಡೆಗಳನ್ನೂ ನಿರ್ಮಿಸಲಾಗಿದೆ. ಇವು ದಡದ ಗುಂಟ ಸಾಗುವ ಮರಳನ್ನು ಹಿಡಿದಿಟ್ಟು ಅಲೆಗಳ ಹೊಡೆತವನ್ನು ತಗ್ಗಿಸುತ್ತವೆ.

ಪ್ರವಾಸಿಗರು ಗಮನಿಸಬೇಕಾದದ್ದು ಇಷ್ಟು. ಅಕ್ಟೋಬರ್‌ನಿಂದ ಫೆಬ್ರವರಿ ಭೇಟಿಗೆ ಪ್ರಶಸ್ತ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವುದು ಪ್ರಾಣಾಪಾಯಕ್ಕೆ ಆಹ್ವಾನ. ಪಾಚಿಗಟ್ಟಿದ ಬಂಡೆಗಳು ಜಾರುತ್ತವೆ. ಛಾಯಾಚಿತ್ರಕ್ಕಾಗಿ ಹೆದ್ದಾರಿಯ ಮೇಲೆಯೇ ವಾಹನ ನಿಲ್ಲಿಸುವುದೂ ಸಲ್ಲದು.

ಸಮೀಪದಲ್ಲಿ ನದಿ ಬದಿಯ ವರಾಹಸ್ವಾಮಿ ದೇವಸ್ಥಾನ, ಮುಂದೆ ಬೈಂದೂರಿನ ಸೋಮೇಶ್ವರ ಕಡಲತೀರ ಹಾಗೂ ಒತ್ತಿನೆಣೆ ಗುಡ್ಡಗಳಿವೆ. ರೈಲಿನಲ್ಲಿ ಬರುವವರು ಕುಂದಾಪುರ ಅಥವಾ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಇಳಿಯಬಹುದು.