ರಕ್ತದ ಕೊಲೆಸ್ಟರಾಲೂ ಬೆನ್ನುಮಣಿಗಳ ನಡುವಣ ಬಿಲ್ಲೆಗಳೂ

ಬೆಂಗಳೂರಿನ ಹೊರವಲಯದಲ್ಲಿ ದುಡಿಮೆಯ ರೀತಿ ಎಡೆಯಿಂದ ಎಡೆಗೆ ಬೇರೆಯಾಗಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತು, ಭಾರವನ್ನೆತ್ತಿ ಇಳಿಸುವವರು ಹೆಚ್ಚು. ವೈಟ್‌ಫೀಲ್ಡಿನಲ್ಲಿಯೂ, ೧೯೭೦ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯಿಂದ ಆರಂಭಗೊಂಡ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಗಣಕಯಂತ್ರದ ಮುಂದೆ ಕುಳಿತು ದುಡಿಯುವವರು ಹೆಚ್ಚು. ಬೆನ್ನುನೋವು ಮಾತ್ರ ಇಬ್ಬರನ್ನೂ ಬಿಟ್ಟಿಲ್ಲ. ಒಬ್ಬನು ಹೊರೆಯನ್ನೂ ಮತ್ತೊಬ್ಬನು ಕುರ್ಚಿಯನ್ನೂ ದೂರುವುದು ವಾಡಿಕೆ. ಈ ದೂರು ನಿರಾಧಾರವಾದುದಲ್ಲ. ಆದರೆ ಬೆನ್ನಿನ ಸವೆತಕ್ಕೂ ರಕ್ತದ ಗುಣಕ್ಕೂ ಇರುವ ಸಂಬಂಧವನ್ನು ಇಬ್ಬರೂ ನೆನೆಯುವುದಿಲ್ಲ.

ಬೆನ್ನುಮಣಿಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗೆ ವೈದ್ಯರು ಡಿಸ್ಕ್ ಎನ್ನುತ್ತಾರೆ. ಇದರ ಹೊರಗೆ ನಾರುಪದರಗಳ ಬಳೆ. ಒಳಗೆ ನೀರನ್ನು ಹೀರಿಟ್ಟುಕೊಳ್ಳುವ ಲೋಳೆಯಂಥ ತಿರುಳು. ಪ್ರಾಯಬಂದವರ ದೇಹದಲ್ಲಿ ರಕ್ತನಾಳಗಳಿಲ್ಲದ ಭಾಗಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡದು. ಹಾಗಾದರೆ ಇದಕ್ಕೆ ಆಹಾರವೆಲ್ಲಿಂದ? ಮೇಲಣ ಮತ್ತು ಕೆಳಗಣ ಮಣಿಗಳ ಅಂಚಿನವರೆಗೆ ಬಂದ ಸೂಕ್ಷ್ಮನಾಳಗಳಿಂದ ಆಮ್ಲಜನಕವೂ ಸಕ್ಕರೆಯೂ ತೆಳುವಾದ ಮೃದ್ವಸ್ಥಿಯ ಮೂಲಕ ಒಸರಿ ಒಳಸೇರುತ್ತವೆ. ಕಶ್ಮಲವು ಅದೇ ಹಾದಿಯಿಂದ ಹಿಂದಿರುಗುತ್ತದೆ. ಕಾಲುವೆಯಿಲ್ಲದ ತೋಟವು ನೆರೆಯ ಗದ್ದೆಯ ಬಸಿನೀರಿನಿಂದ ಬದುಕುವಂತೆ ಬಿಲ್ಲೆಯ ಬಾಳು. ಗದ್ದೆಗೆ ನೀರು ಕಡಮೆಯಾದರೆ ಮೊದಲು ಒಣಗುವುದು ತೋಟವೇ.

ಸೊಂಟದ ಮಣಿಗಳಿಗೆ ರಕ್ತವನ್ನೊಯ್ಯುವ ಸಣ್ಣ ಧಮನಿಗಳು ಉದರದ ಮಹಾಧಮನಿಯಿಂದ ಜೋಡಿಜೋಡಿಯಾಗಿ ಕವಲೊಡೆಯುತ್ತವೆ. ರಕ್ತದಲ್ಲಿ ಎಲ್‌ಡಿಎಲ್ ಎಂಬ ಬಗೆಯ ಕೊಲೆಸ್ಟರಾಲ್ ಮಿತಿಮೀರಿದಾಗ ಅದು ಮಹಾಧಮನಿಯ ಗೋಡೆಯಲ್ಲಿ ಶೇಖರವಾಗಿ, ಕಾಲಕ್ರಮದಲ್ಲಿ ಸುಣ್ಣಗಟ್ಟಿ, ಈ ಕವಲುಗಳ ಬಾಯನ್ನು ಕಿರಿದುಗೊಳಿಸಬಲ್ಲದು. ಇದು ಬರಿಯ ತರ್ಕವಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ೧೯೪೮ರಲ್ಲಿ ಮೊದಲಾದ ಹೃದ್ರೋಗ ಸಮೀಕ್ಷೆಗೆ ಸೇರಿದ್ದವರ ಕ್ಷಕಿರಣಚಿತ್ರಗಳನ್ನು ೨೫ ವರ್ಷಗಳ ಅಂತರದಲ್ಲಿ ಹೋಲಿಸಿ, ಲೀನಾ ಕೌಪ್ಪಿಲ ಎಂಬ ವೈದ್ಯೆಯೂ ಸಂಗಡಿಗರೂ ೧೯೯೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಹಾಧಮನಿಯಲ್ಲಿ ಸುಣ್ಣದ ಶೇಖರಣೆ ಹೆಚ್ಚಿದ್ದವರಲ್ಲಿ ಬಿಲ್ಲೆಗಳ ಸವೆತವೂ ಹೆಚ್ಚಾಗಿದ್ದಿತು. ೨೦೦೯ರಲ್ಲಿ ಅವರೇ ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಧೂಮಪಾನವೂ ರಕ್ತದ ಅಧಿಕ ಕೊಲೆಸ್ಟರಾಲೂ ಈ ಬಾಧೆಯೊಡನೆ ಮೇಲಿಂದಮೇಲೆ ಕಂಡುಬರುವುದನ್ನು ತೋರಿಸಿದರು.

ಜತೆಯಲ್ಲಿ ಕಂಡದ್ದೆಲ್ಲ ಕಾರಣವಾಗದಷ್ಟೆ. ವಯಸ್ಸು, ಬೊಜ್ಜು, ಮಧುಮೇಹ ಇವು ಧಮನಿಯನ್ನೂ ಬಿಲ್ಲೆಯನ್ನೂ ಒಟ್ಟಿಗೆ ಕೆಡಿಸಬಲ್ಲವು. ಫಿನ್ಲೆಂಡಿನ ಅವಳಿಜವಳಿಗಳನ್ನು ಪರೀಕ್ಷಿಸಿ ೧೯೯೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಸಬಿನ ಭಾರಕ್ಕಿಂತ ಆನುವಂಶಿಕತೆಯ ಪಾಲೇ ಹೆಚ್ಚೆಂದು ತಿಳಿದುಬಂದಿತು. ನಮ್ಮ ದೇಶದ ಸ್ಥಿತಿಯೂ ಸ್ವಲ್ಪ ಬೇರೆ. ಐಸಿಎಂಆರ್ ಸಂಸ್ಥೆಯ ಆಶ್ರಯದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ರಕ್ಷಕವೆನಿಸಿದ ಎಚ್‌ಡಿಎಲ್ ಕೊಲೆಸ್ಟರಾಲು ಕಡಮೆಯಿದ್ದವರು ನೂರಕ್ಕೆ ೭೨ ಮಂದಿ. ಒಟ್ಟು ಕೊಲೆಸ್ಟರಾಲು ಅಧಿಕವಾಗಿದ್ದವರು ಸುಮಾರು ೧೪ ಮಂದಿ ಮಾತ್ರ. ಹೀಗಿರುವಲ್ಲಿ ಪರದೇಶದ ನಿರ್ಣಯವನ್ನು ಪೀಣ್ಯದ ಕಾರ್ಮಿಕನಿಗೆ ಹಾಗೆಯೇ ಹೊಂದಿಸುವುದು ಆತುರವಾದೀತು.

ಆದುದರಿಂದ ಬೆನ್ನುನೋವಿಗೆಂದೇ ಸ್ಟ್ಯಾಟಿನ್ ಮಾತ್ರೆಗಳನ್ನು ಸೇವಿಸುವುದಕ್ಕೆ ಆಧಾರವಿಲ್ಲ. ಎಂಆರ್‌ಐ ಚಿತ್ರದಲ್ಲಿ ಸವೆತ ಕಂಡಮಾತ್ರಕ್ಕೆ ಹೆದರಬೇಕಾದುದೂ ಇಲ್ಲ. ನೋವೇ ಇಲ್ಲದವರಲ್ಲಿಯೂ ಅದು ಬಹು ಸಾಮಾನ್ಯ. ಆದರೂ ಮೂವತ್ತು ದಾಟಿದವನು ಸೊಂಟನೋವೆಂದು ವೈದ್ಯರ ಬಳಿ ಹೋದಾಗ, ಅವನು ಹೊಗೆಸೊಪ್ಪಿನ ಚಟವುಳ್ಳವನಾಗಿದ್ದರೆ, ಅಥವಾ ಅವನ ಮನೆತನದಲ್ಲಿ ಎಳೆವಯಸ್ಸಿನ ಹೃದ್ರೋಗವಿದ್ದರೆ, ಬೆಲ್ಟನ್ನೂ ಲೇಪವನ್ನೂ ಕೊಟ್ಟು ಕಳುಹಿಸುವ ಮುನ್ನ ರಕ್ತವನ್ನೊಮ್ಮೆ ಪರೀಕ್ಷಿಸುವುದು ಯುಕ್ತ. ಬಿಲ್ಲೆಗೆ ಅದರಿಂದ ಲಾಭವಾಗದೆ ಹೋದರೂ ಹೃದಯದ ಧಮನಿಗಳ ವಿಷಯವು ಸಕಾಲದಲ್ಲಿ ತಿಳಿದುಬಂದೀತು.