ಮಂಡಿಗೆ ಕಟ್ಟುವ ಕಾಂತಪಟ್ಟಿ: ಎಷ್ಟು ನಿಜ?

ಪೈವಳಿಕೆಯಂಥ ಊರಿನ ಗುಡ್ಡ ಹತ್ತಿಳಿದು, ಅಡಿಕೆ ತೋಟದಲ್ಲಿ ದುಡಿದು ಮಂಡಿ ಸವೆಸಿಕೊಂಡ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಈ ಜಾಹೀರಾತು ಅಂಥವರ ಮೊಬೈಲಿಗೇ ಬರುತ್ತದೆ: ಬ್ಯಾಟರಿ ಪಟ್ಟಿ ಕಟ್ಟಿಕೊಳ್ಳಿ, ಕಾಂತಶಕ್ತಿಯಿಂದ ನೋವು ಮಾಯ!

ಪಟ್ಟಿಯೊಳಗೆ ಇರುವುದು ತಂತಿಯ ಸುರುಳಿ. ಅದರಲ್ಲಿ ವಿದ್ಯುತ್ ಬಿಟ್ಟುಬಿಟ್ಟು ಹರಿದಾಗ ಕಾಂತಕ್ಷೇತ್ರ ಏರಿಳಿಯುತ್ತದೆ. ಆ ಏರಿಳಿತದಿಂದ ದೇಹದೊಳಗೆ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು.

1979ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಉಪಕರಣಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಯಾವುದಕ್ಕೆ? ಮುರಿದು ತಿಂಗಳುಗಟ್ಟಲೆ ಕೂಡದೇ ಉಳಿದ ಎಲುಬಿಗೆ, ಅದೂ ವೈದ್ಯರ ಚೀಟಿಯ ಮೇಲೆ. ಜಾಹೀರಾತಿನಲ್ಲಿ ಈ ಮಾತು ಬರುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಮಂಡಿನೋವಿನ ವಿಚಾರ? ಕೆಲವು ಸಣ್ಣ ಪ್ರಯೋಗಗಳಲ್ಲಿ ಸ್ವಲ್ಪ ಉಪಶಮನ ಕಂಡಿದೆ, ಕೆಲವುಗಳಲ್ಲಿ ಕಂಡಿಲ್ಲ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂದರೆ ನಂಬಬೇಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನಂತೂ ನಮ್ಮ ದೇಶದ 1954ರ ಕಾಯ್ದೆಯೇ ನಿಷೇಧಿಸಿದೆ.

ಸಾವಿರಾರು ರೂಪಾಯಿ ಸುರಿಯುವ ಮೊದಲು, ನೋವು ಸವೆತದ್ದೋ, ಬಾವಿನದ್ದೋ, ನರದ್ದೋ ಎಂದು ವೈದ್ಯರಲ್ಲಿ ತೋರಿಸಿ. ಬಸುರಿಯರು ಈ ಪಟ್ಟಿಯನ್ನು ಬಳಸಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವ ಅಜ್ಜ, ಅಜ್ಜಿ ಮನೆಯಲ್ಲಿದ್ದರೆ ಈ ಪಟ್ಟಿಯನ್ನು ಅವರ ಹತ್ತಿರವೂ ತರಬೇಡಿ.